ರಿಪೋರ್ಟ್ ಕಾಕಾ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಡಾಕ್ಟರುಗಳಿಗೆ ಬರ ಇಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರಿಗಂತೂ ಬರವೇ ಇಲ್ಲ. 1906ರಲ್ಲಿ ಶುರುವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಊರಿನಲ್ಲಿ ಕಾಲೇಜಿನ ಮೇಲೆ ಕಾಲೇಜು ತೆರೆಯುತ್ತ ಬಂತು. 1963ರಲ್ಲಿ ಇಂಜಿನಿಯರಿಂಗ್ ಬಂತು, ಮುಂದೆ ದಂತ ವೈದ್ಯಕೀಯ ಬಂತು, ಆಮೇಲೆ ವೈದ್ಯಕೀಯವೂ ಬಂತು. ಕಾಲೇಜುಗಳ ಬೆನ್ನಿಗೆ ಮೆಸ್ಸು, ಝೆರಾಕ್ಸ್ ಅಂಗಡಿ, ಔಷಧಿ ಅಂಗಡಿ ಹುಟ್ಟಿದವು. ಅವುಗಳ ಜೊತೆಗೇ, ಯಾರೂ ನೇಮಿಸದೆ, ಯಾವ ಸಂಬಳವೂ ಇಲ್ಲದೆ ಹುಟ್ಟಿದವರು ರಿಪೋರ್ಟ್ ಕಾಕಾ.

ಎರಡು ಕ್ರಾಸಿಗೊಬ್ಬರು ಸಿಗುತ್ತಾರೆ. ಯಾವುದೋ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಇಸ್ತ್ರಿ ಹೊಡೆದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಪೆನ್ನುಗಳ ಮರೆಯಲ್ಲಿ ತಂಬಾಕಿನ ಡಬ್ಬಿ. ಕೈಯಲ್ಲಿ ಇಳಕಲ್ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಸೀರೆ ಒಂದನ್ನು ಬಿಟ್ಟು ಎಲ್ಲ ಇರುತ್ತದೆ: ಕಾಕೂನ ಥೈರಾಯ್ಡು, ಬೀಗರ ಇಸಿಜಿ, ಮೊಮ್ಮಗನ ಬ್ಲಡ್ ಗ್ರೂಪು, ಗುಳೇದಗುಡ್ಡದ ಯಾರೋ ಬಿಟ್ಟುಹೋದ ಮೊಳಕಾಲಿನ ಎಕ್ಸ್‌ರೇ. ಮೊಳಕಾಲಿನವರು ಅದನ್ನು ವಾಪಸು ಕೇಳಿಲ್ಲ. ಕಾಕಾ ಕೂಡ ತಾವಾಗಿ ಕೊಡುವವರಲ್ಲ.

ಕನ್ನಡದಲ್ಲಿ ಬಂದ ಜಡ್ಡು ಅವರ ಪಾಲಿಗೆ ಜಡ್ಡೇ ಅಲ್ಲ. ‘ಹೊಟ್ಟಿ ಉಬ್ಬರಿಸೈತಿ’ ಅಂದರೆ ‘ಮಜ್ಜಿಗಿ ಕುಡದು ಮಕ್ಕೋರಿ’ ಅನ್ನುತ್ತಾರೆ. ‘ಗ್ಯಾಸ್ಟ್ರಿಕ್’ ಅಂದರೆ ಅರ್ಧ ಕುಡಿದ ಚಹಾ ಬಿಟ್ಟು ಚಪ್ಪಲಿ ಮೆಟ್ಟುತ್ತಾರೆ. ‘ಕೈಕಾಲಾಗ ಶಕ್ತಿ ಇಲ್ಲ’ ಎಂಬ ಹಳೆಯ ಗೋಳಿಗೆ ಕಿವಿಗೊಡದವರು ‘ವೀಕ್ನೆಸ್’ ಅಂದೊಡನೆ ರಕ್ತ ತಪಾಸಣೆಗೆ ಬರೆದುಕೊಡುವಷ್ಟು ಉತ್ಸಾಹಿಗಳಾಗುತ್ತಾರೆ. ಬರೆದುಕೊಡುವ ಅಧಿಕಾರ ಅವರಿಗಿಲ್ಲ ಎಂಬುದೊಂದೇ ಊರಿನ ಪುಣ್ಯ.

ಈ ಇಂಗ್ಲಿಷನ್ನು ಅವರು ಕಲಿತದ್ದು ಔಷಧದ ಡಬ್ಬಿಯೊಳಗಿನ ಮಡಚಿದ ಚೀಟಿಯಿಂದ. ಇರುವೆ ಸಾಲಿನಂಥ ಅಕ್ಷರದ ಆ ಚೀಟಿಯನ್ನು ಜಗತ್ತಿನಲ್ಲಿ ಪೂರ್ತಿ ಓದಿದವರು ಇಬ್ಬರೇ ಇದ್ದಾರು, ಅದನ್ನು ಬರೆದವರು ಮತ್ತು ನಮ್ಮ ಕಾಕಾ. ಅಡ್ಡಪರಿಣಾಮದ ಪಟ್ಟಿ ಓದಿದ ದಿನ ಅದರಲ್ಲಿನ ನಾಲ್ಕಾದರೂ ಅವರಿಗೆ ಸಂಜೆಯೊಳಗೆ ಆಗಿರುತ್ತವೆ. 2020ರ ಕೊರೊನಾ ಅವರ ಸುಗ್ಗಿ. ಕ್ವಾರಂಟೈನ್, ಸ್ಯಾಚುರೇಷನ್, ಅಸಿಂಪ್ಟಮ್ಯಾಟಿಕ್ ಎಂಬ ಮಾತುಗಳು ಆಗ ಕಟ್ಟೆಗೆ ಬಂದವು, ಇಂದಿಗೂ ಹೋಗಿಲ್ಲ. ಬಾಡಿಗೆ ಕೊಡದೆ ಮುಖ ತಪ್ಪಿಸುವ ಹುಡುಗನನ್ನು ಕಾಕಾ ಈಗಲೂ ‘ಅಸಿಂಪ್ಟಮ್ಯಾಟಿಕ್’ ಅಂತಲೇ ಕರೆಯುತ್ತಾರೆ.

‘ಹೈಜೀನ್’ ಅಂದರೆ ಅವರಿಗೆ ಪ್ರಾಣ. ಇಂಜಿನಿಯರಿಂಗ್ ಕಾಲೇಜಿನ ಕಡೆ ಸಂಜೆ ಹೊತ್ತು ಗಿರಮಿಟ್ಟು, ಮಿರ್ಚಿ ಬಂಡಿಗಳು ಸಾಲಾಗಿ ನಿಲ್ಲುತ್ತವೆ. ಅದರಲ್ಲಿ ಒಂದೇ ಬಂಡಿ ಹೈಜೀನಿಕ್ ಎಂದು ಕಾಕಾ ಸಾರಿದ್ದಾರೆ. ಕಾರಣ, ಆ ಬಂಡಿಯವನು ತಲೆಗೆ ಟೊಪಿಗಿ ಹಾಕುತ್ತಾನೆ. ಕರಿಯುವ ಎಣ್ಣೆ ಯಾವ ಅಮಾವಾಸ್ಯೆಯದು ಎಂದು ಕೇಳಬಾರದು. ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತಿಕ್ಕಬೇಕೆಂದು ಮಕ್ಕಳಿಗೆ ಹೇಳಿಕೊಡುವುದು ಅವರೇ. ಅದೇ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವುದು ಅದಕ್ಕಿಂತ ಹೆಚ್ಚು ಹೊತ್ತು. ಬಾಯಿಯ ಕ್ಯಾನ್ಸರಿಗೆ ಅದು ರಹದಾರಿ ಎಂದು ದಂತ ಕಾಲೇಜಿನ ಹುಡುಗರು ಶಿಬಿರ ಮಾಡಿ ಹೇಳಿದಾಗ ಕಾಕಾ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದರು, ಎಡ ಗಲ್ಲ ಉಬ್ಬಿಸಿಕೊಂಡೇ.

ಆದರೆ ಅವರ ನಿಜವಾದ ರಂಗ ಹಲ್ಲಿನ ದವಾಖಾನೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಬಸ್ಸು ಇಳಿದವರು ಟಂಟಂ ಹಿಡಿದು ಮೊದಲು ಕಾಕಾನ ಮನೆಗೆ ಬರುತ್ತಾರೆ. ಹಲ್ಲು ತೋರಿಸಲು ಬಂದವರು ಕಾಣಿಕೆಯಾಗಿ ತರುವುದು ಅಮೀನಗಡದ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ ಸೇರಿದ ಆ ಗಟ್ಟಿ ತಿನಿಸನ್ನು ಕಾಕಾ ಬಲಗಡೆಯಿಂದ ಮಾತ್ರ ಅಗಿಯುತ್ತಾರೆ. ಎಡಗಡೆ ಯಾಕಿಲ್ಲ ಎಂದು ಯಾರೂ ಕೇಳಿಲ್ಲ. ಎಡಗಡೆಯ ರಿಪೋರ್ಟು ಆ ಚೀಲದಲ್ಲಿಲ್ಲ.

ಆಲಮಟ್ಟಿ ಅಣೆಕಟ್ಟಿನ 524.256 ಮೀಟರ್ ಮಟ್ಟವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ ಈ ಸೀಮೆಯಲ್ಲಿ ‘ರೂಟ್ ಕೆನಾಲ್’ ಎಂಬ ಮಾತನ್ನು ರೈತನ ಮುಂದೆ ಹೇಳಬೇಕಾದರೆ ಸ್ವಲ್ಪ ವಿಚಾರ ಮಾಡಬೇಕು. ಕಾಕಾ ಮಾಡುವುದಿಲ್ಲ.

“ಗೌಡ್ರ, ನಿಮ್ಮ ದವಡಿ ಹಲ್ಲಿನ್ಯಾಗ ಕೆನಾಲ್ ಮಾಡ್ತಾರ.”

“ಬ್ಯಾಡ್ರಿ ಕಾಕಾ. ಕೆನಾಲಿನ ಸುದ್ದಿ ನಮಗ ಗೊತ್ತೈತಿ. ಸರ್ವೆ ಆಗತೈತಿ, ಜಮೀನು ಹೋಗತೈತಿ, ನೀರು ಮೊಮ್ಮಕ್ಕಳ ಕಾಲಕ್ಕ.”

“ಇದು ಹಂಗಲ್ಲ. ಡ್ರಿಲ್ ಹಾಕತಾರ, ನರ್ವ್ ತಗೀತಾರ, ಮ್ಯಾಲ ಕ್ಯಾಪ್ ಹಾಕತಾರ.”

“ಅಂದ್ರ ಬೋರ್ ಅನ್ರಿ.”

ಗೌಡರು ಅಷ್ಟೇನೂ ತಪ್ಪು ತಿಳಿದಿರಲಿಲ್ಲ. ಬೇರಿನೊಳಗೆ ಕೂದಲೆಳೆಯಷ್ಟು ಸಪೂರ ಕೊಳವೆಗಳಿರುತ್ತವೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಕೊಳೆತ ತಿರುಳನ್ನು ತೆಗೆದು, ಸಣ್ಣ ಅರಗಳಿಂದ ಕೊಳವೆ ತಿಕ್ಕಿ ತೊಳೆದು, ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ಮುಚ್ಚುತ್ತಾರೆ. ಹಲ್ಲು ಬಾಯಲ್ಲೇ ಉಳಿಯುತ್ತದೆ. ಜಮೀನು ಹೋಗುವುದಿಲ್ಲ ಎಂಬುದನ್ನು ಕಾಕಾ ಮೊದಲೇ ಹೇಳಿದ್ದರೆ ಗೌಡರು ಮುಂದಿನ ಬಸ್ಸಿಗೆ ಊರು ಸೇರುತ್ತಿರಲಿಲ್ಲ.

ಹಲ್ಲು ಕ್ಲೀನ್ ಮಾಡಿಸಿದರೆ ಅಳ್ಳಾಡುತ್ತವೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಎರಡು ನಂಬಿಕೆ ನಮ್ಮ ಕಡೆ ಮನೆಮನೆಗೂ ಇವೆ. ಕಾಕಾ ಅವನ್ನು ಅಲ್ಲಗಳೆಯುವುದಿಲ್ಲ, ಇಂಗ್ಲಿಷಿನಲ್ಲಿ ಸಮರ್ಥಿಸುತ್ತಾರೆ. “ಅಪ್ಪರ್ ಟೂತ್, ಅಪ್ಪರ್ ನರ್ವ್, ಅದರ ಮ್ಯಾಲ ಐ. ಡೈರೆಕ್ಟ್ ಕನೆಕ್ಷನ್!” ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ ಎಂದು ಡಾಕ್ಟರು ಅಂದರೆ ಅವರಿಗೆ ಅನುಭವ ಸಾಲದು ಎನ್ನುತ್ತಾರೆ. ಅಳ್ಳಾಡುವ ವಿಷಯಕ್ಕೆ ಬಂದರೆ, ವರ್ಷಗಟ್ಟಲೆ ಕಟ್ಟಿದ ಪಾಚಿ ಗಟ್ಟಿಯಾಗಿ ವಸಡನ್ನೂ ಎಲುಬನ್ನೂ ಮೊದಲೇ ಸವೆಸಿರುತ್ತದೆ. ಪಾಚಿ ಕಿತ್ತಾಗ ಒಳಗಿನ ಬಂಡವಾಳ ಹೊರಗೆ ಬೀಳುತ್ತದೆ, ಅಷ್ಟೆ. ಗೋಡೆ ಬಿರುಕು ಬಿಟ್ಟದ್ದಕ್ಕೆ ಕ್ಯಾಲೆಂಡರ್ ತೆಗೆದವನನ್ನು ಬೈದರೆ ಹೇಗೆ?

ಬನಶಂಕರಿ ಜಾತ್ರೆಯ ನಾಟಕದ ಹೀರೋನ ಗತ್ತಿನಲ್ಲಿ ಕಾಕಾ ಒಪಿಡಿ ಪ್ರವೇಶಿಸುವುದನ್ನು ನೋಡಬೇಕು. ಡಾಕ್ಟರು ಮುಧೋಳದವರೇ ಇರಲಿ, ಜಮಖಂಡಿಯವರೇ ಇರಲಿ, ಕಾಕಾ ಇಂಗ್ಲಿಷ್ ಬಿಡುವುದಿಲ್ಲ. ಡಾಕ್ಟರು “ಏನಾಗೈತಿ ಅಜ್ಜಾ?” ಎಂದು ಪೇಷಂಟನ್ನು ಕೇಳುತ್ತಾರೆ. ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಕಾಕಾ “ಪೇಷಂಟ್ ಈಸ್ ಹ್ಯಾವಿಂಗ್ ಟೂಥೇಕ್ ಸಿನ್ಸ್ ಯುಗಾದಿ” ಎಂದಿರುತ್ತಾರೆ.

ಒಮ್ಮೆ ಎದುರಿಗೆ ಕೂತದ್ದು ಹೊರ ರಾಜ್ಯದಿಂದ ಬಂದ ಹುಡುಗ ಡಾಕ್ಟರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ‘ಬಾಯಿ ತೆರೀರಿ’, ‘ಉಗುಳ್ರಿ’, ‘ನೋವು ಐತೇನ್ರಿ’ ಎಂಬ ಮೂರು ವಾಕ್ಯ. ಇಷ್ಟು ವರ್ಷ ಬೇಡದ ಕಡೆಯೆಲ್ಲ ದುಭಾಷಿಯಾಗಿದ್ದ ಕಾಕಾನಿಗೆ ಕೊನೆಗೂ ನಿಜವಾದ ಕೆಲಸ ಬಂದಿತ್ತು. ಜೊತೆಗೆ ಬಂದವಳು ಹುನಗುಂದ ಕಡೆಯ ಆಯಿ, ಗಲ್ಲ ಬಾತಿತ್ತು.

“ಸಾರ್, ಟೂ ಮಚ್ ಪೇನ್.”

“ವಾಟ್ ಕೈಂಡ್ ಆಫ್ ಪೇನ್? ಶಾರ್ಪ್? ಡಲ್? ಥ್ರಾಬಿಂಗ್?”

ಔಷಧದ ಚೀಟಿಯಲ್ಲಿ ಈ ಮೂರನ್ನು ಬಿಡಿಸಿ ಹೇಳಿರುವುದಿಲ್ಲ. ಕಾಕಾ ಕಿಸೆಯ ಪೆನ್ನು ಮುಟ್ಟಿ ನೋಡಿಕೊಂಡರು. “ಆಲ್ ತ್ರೀ, ಸಾರ್.”

ಆಯಿಗೆ ತಾಳಲಾಗಲಿಲ್ಲ. ಡಾಕ್ಟರ ಮೊಳಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ನೋಡಪಾ ತಮ್ಮಾ, ಹಗಲಾಗ ಸುಮ್ಮ ಇರತೈತಿ. ರಾತ್ರಿ ದಿಂಬಿಗೆ ತಲಿ ಕೊಟ್ನೆಪಾ ಅಂದ್ರ ಟಕ್ ಟಕ್ ಟಕ್ ಅಂತ ಬಡೀತೈತಿ.” ಮುಷ್ಟಿಯನ್ನು ಮುಚ್ಚಿ, ಬಿಚ್ಚಿ, ಮುಚ್ಚಿ ತೋರಿಸಿದಳು. “ಬಿಸಿ ಚಾ ತಾಗಿದ್ರ ಜೀವ ಹೋಗತೈತಿ. ತಣ್ಣೀರು ಬಾಯಾಗ ಹಿಡದ್ರ ಆರಾಮ. ಮಗ್ಗಲಾಗ ತಂಬಗಿ ಇಟಗೊಂಡs ಮಲಗತೀನಿ.”

ಹುಡುಗ ಡಾಕ್ಟರು ಆ ಮುಷ್ಟಿ ನೋಡಿದರು, ಕೈಸನ್ನೆಯಲ್ಲೇ ಬಿಸಿ-ತಣ್ಣಗೆ ಕೇಳಿ ಖಾತ್ರಿ ಮಾಡಿಕೊಂಡರು, ಬರೆದುಕೊಂಡರು. ಹಲ್ಲಿನ ತಿರುಳು ನಾಲ್ಕೂ ಕಡೆ ಗಟ್ಟಿ ಗೋಡೆಯ ನಡುವೆ ಇರುತ್ತದೆ. ಬಾತರೆ ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ನಾಡಿಯ ಜೊತೆ ನೋವೂ ಬಡಿಯುತ್ತದೆ. ಬಿಸಿಗೆ ಕೆರಳಿ ತಣ್ಣೀರಿಗೆ ತಣಿಯುವ ನೋವಾದರೆ, ತಿರುಳು ಉಳಿಯುವ ಹಂತ ದಾಟಿದೆ ಎಂದೇ ದಂತವೈದ್ಯರ ಲೆಕ್ಕ. ಆಯಿ ಎಕ್ಸ್‌ರೇಗೆ ಮೊದಲೇ ಅರ್ಧ ಎಕ್ಸ್‌ರೇ ಕೊಟ್ಟಿದ್ದಳು. ಹೊರಗೆ ಬಂದ ಮೇಲೆ ಕಾಕಾ ಆಕೆಗೆ ಹೇಳಿದ್ದಿಷ್ಟು: “ಅದನ್ನs ನಾ ಶಾರ್ಟಾಗಿ ಹೇಳಿದ್ದೆ, ಆಲ್ ತ್ರೀ ಅಂತ.”

ಇಷ್ಟು ಬರೆದ ಮೇಲೆ ಅವರ ಇಂಗ್ಲಿಷಿನಿಂದ ಒಂದು ಸಂಸಾರ ಕೂಡಿದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಹುನಗುಂದ, ಇಳಕಲ್ ಕಡೆ ಕೆಂಪು ಗ್ರಾನೈಟ್ ಸೀಮೆಯ ಬೋರಿನ ನೀರಿನಲ್ಲಿ ಕೆಲವು ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಬೆಳೆಯುವ ಎಳೆಯ ವಯಸ್ಸಿನಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಬಹುದು. ಆ ಕಡೆಯ ಒಬ್ಬ ಹುಡುಗ ವಿದ್ಯಾಗಿರಿಗೆ ಹೆಣ್ಣು ನೋಡಲು ಬಂದ. ನಕ್ಕ. ಹುಡುಗಿಯ ಅಪ್ಪನ ಮುಖ ಗಂಟಾಯಿತು. ಅವಲಕ್ಕಿಯ ತಾಟು ಅಲ್ಲಲ್ಲೇ ನಿಂತವು. ಗುಟ್ಕಾ ತಿನ್ನುವ ಹುಡುಗ ಎಂದು ಒಳಗೆ ಪಿಸುಪಿಸು ಶುರುವಾಯಿತು.

“ಬೀಗರ, ಅದು ಗುಟ್ಕಾ ಅಲ್ಲ,” ಎಂದು ಕಾಕಾ ಎದ್ದುನಿಂತರು. “ಡೆಂಟಲ್ ಫ್ಲೋರೋಸಿಸ್! ಚಟ ಅಲ್ಲ, ಊರ ನೀರು. ಒಳಗಿನ ಕಲಿ, ತಿಕ್ಕಿದ್ರ ಹೋಗೂದಿಲ್ಲ. ಅವನ ಓಣಿ ಹುಡುಗರನ್ನೆಲ್ಲ ನಿಲ್ಲಿಸಿ ನಗಸ್ರಿ, ಎಲ್ಲಾರದೂ ಹಂಗs ಐತಿ.”

ಅಕ್ಷರಕ್ಷರವೂ ಖರೆ. ‘ಹಲ್ಲು ಕಂದಾಗೈತಿ’ ಎಂಬ ಮಾತಿಗೆ ಮಣಿಯದ ಅಪ್ಪ ಫ್ಲೋರೋಸಿಸ್ಸಿಗೆ ಮಣಿದರು. ಕಾಕಾ ಅಲ್ಲಿಗೇ ಕೂತಿದ್ದರೆ ಚೆನ್ನಾಗಿತ್ತು. ಉಮೇದಿನಲ್ಲಿ ಅಪ್ಪನ ಬಾಯಿಯ ಕಡೆಗೂ ಬೆರಳು ಮಾಡಿ “ನಿಮ್ಮದು ಪಯೋರಿಯಾ, ಅದು ಮಾತ್ರ ನಿಮ್ಮದs ತಪ್ಪು” ಎಂದುಬಿಟ್ಟರು. ಸಂಬಂಧ ಕೂಡಿತು. ಕಾಕಾನಿಗೆ ಲಗ್ನಪತ್ರಿಕೆ ಬರಲಿಲ್ಲ.

ಅವರನ್ನು ಜನ ಯಾಕೆ ಬಿಡುವುದಿಲ್ಲ ಎಂದರೆ, ಇಂಗ್ಲಿಷಿಗಾಗಿ ಅಲ್ಲ. ಚೀಟಿ ಮಾಡಿಸುವ ಖಿಡಕಿ ಯಾವುದು, ಎಕ್ಸ್‌ರೇ ಯಾವ ಮಹಡಿಯಲ್ಲಿ, ಕುಡಿಯುವ ನೀರು ಎಲ್ಲಿ, ಹಲ್ಲು ತೆಗೆಸಿದ ಮೇಲೆ ಹತ್ತಿಯನ್ನು ಎಷ್ಟು ಹೊತ್ತು ಕಚ್ಚಿ ಹಿಡಿಯಬೇಕು, ಬಾಯಿ ಜೋಮು ಹಿಡಿದವರನ್ನು ಯಾವ ಬಸ್ಸಿನ ಕಿಟಕಿ ಪಕ್ಕ ಕೂರಿಸಬೇಕು, ಇದೆಲ್ಲ ಅವರಿಗೆ ಗೊತ್ತು. ಇಡೀ ದಿನ ಪಾಳಿಯಲ್ಲಿ ಕೂರುತ್ತಾರೆ. ಒಂದು ಕಪ್ ಚಹಾದ ದುಡ್ಡೂ ತೆಗೆದುಕೊಳ್ಳುವುದಿಲ್ಲ. ದೊಡ್ಡ ಕಟ್ಟಡದ ಬಾಗಿಲಲ್ಲಿ ನಿಂತ ಹಳ್ಳಿಯವರಿಗೆ ಒಬ್ಬರಾದರೂ ಗುರುತಿನವರು ಬೇಕು. ಅವರು ತಪ್ಪು ಇಂಗ್ಲಿಷ್ ಆಡಿದರೆ ಆಡಲಿ ಬಿಡಿ.

ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅವರ ಫೋನು ರಿಂಗಾಯಿತು. ಇಳಕಲ್ಲಿನ ಪಾರ್ಟಿ.

“ಹಾಂ, ನಾಳೆ ಬರ್ರಿ. ಮುಂಜಾನಿ ಮೊದಲನೇ ಬಸ್ಸಿಗೆ ಬರ್ರಿ, ಹೊತ್ತಾದ್ರ ಪಾಳಿ ಬೆಳೀತೈತಿ. ನಾಷ್ಟಾ ಮಾಡ್ಕೊಂಡs ಬರ್ರಿ. ಖಾಲಿ ಹೊಟ್ಟೀಲೆ ಬಂದು ಚೇರಿನ್ಯಾಗ ಚಕ್ಕರ್ ಹೊಡದು ಬೀಳಬ್ಯಾಡ್ರಿ. ಬಿಪಿ ಗುಳಗಿ ತಪ್ಪಸಬ್ಯಾಡ್ರಿ, ಏನೇನು ಗುಳಗಿ ನುಂಗತೀರಿ ಅದರ ಚೀಟಿ ಎಲ್ಲಾ ತರ್ರಿ. ಮತ್ತ ಡಾಕ್ಟರ ಮುಂದ ನೀವು ಏನೂ ಮಾತಾಡಬ್ಯಾಡ್ರಿ, ಎಲ್ಲಾ ನಾ ಹೇಳತೀನಿ... ಏನು? ಯಾವ ಹಲ್ಲು ಅಂತನಾ? ಅದನ್ನೂ ನಾನs ಹೇಳತೀನಿ.”