ಎಚ್‌ಎಂಟಿ ಜನತಾ: ಒಂದು ಕೂಟಶಾಸನ ವಿಮರ್ಶೆ

'ಕುವಳಾಲಪುರವರೇಶ್ವರ' ಎಂದು ಬಿರುದು ಹೊತ್ತ ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ಕೂಟ, ಅಂದರೆ ಖೋಟಾ, ಎಂದು ಶಾಸನತಜ್ಞ ಫ್ಲೀಟ್ ಹಟ ಹಿಡಿದರು. ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ, 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟರು. ಆದರೆ ಕುವಳಾಲಪುರದ, ಅಂದರೆ ಇಂದಿನ ಕೋಲಾರದ, ವಾಚ್ ರಿಪೇರಿ ಪೆಟ್ಟಿಗೆಗಳ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ಆಗಿನ್ನೂ ಎಚ್‌ಎಂಟಿ ಹುಟ್ಟಿರಲಿಲ್ಲ ಎಂಬುದು ದುರ್ಬಲ ಸಮರ್ಥನೆ. ಆ ಕೊರತೆ ನೀಗಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಎಚ್‌ಎಂಟಿ ಗಡಿಯಾರ ವಂಶವು 1961ರಲ್ಲಿ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಮನೆತನದ ನೆಂಟಸ್ತಿಕೆಯಿಂದ ಉದಯಿಸಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟದ ತೀರ್ಮಾನದಿಂದ ಅಸ್ತಂಗತವಾಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಇದರ ಪ್ರಸಿದ್ಧ ಅರಸರು.

ಬಹಳಷ್ಟು ಶಾಸನಗಳಂತೆ ಹಳೆಯ ವಾಚು ಮಾರುವವನ ಬಾಯಲ್ಲಿಯೂ ಮೊದಲು ಬರುವುದು ಪ್ರಶಸ್ತಿ. "ನಮ್ ತಾತನ ಮದ್ವೇಲಿ ಮಾವನ ಮನೆಯೋರು ಕೊಟ್ಟಿದ್ದು ಸಾ, ಕೈಯಿಂದ ಬಿಚ್ಚೇ ಇಲ್ಲ." ಇದನ್ನು ಭಕ್ತಿಯಿಂದ ಕೇಳಿ ಬದಿಗಿಡತಕ್ಕದ್ದು. ಒಂದೇ ಟ್ರೇಯಲ್ಲಿ ಒಬ್ಬನೇ ತಾತನ ನಾಲ್ಕು ಮದುವೆ ವಾಚುಗಳು ಕಾಣಿಸಿಕೊಂಡರೆ, ಬಹುಪತ್ನಿತ್ವದ ಸಾಧ್ಯತೆಯನ್ನು ಮುಂದಿನ ಸಂಶೋಧಕರು ಪರಿಶೀಲಿಸಲಿ.

ಇನ್ನು ಲಿಪಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಡಯಲ್ ನೋಡಬೇಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪು, ನಿಮಿಷದ ಗೆರೆಗಳೆಲ್ಲ ಒಂದೇ ಅಳತೆ. ಮತ್ತೆ ಬಣ್ಣ ಬಳಿದದ್ದಾದರೆ 'ಪ್ಯಾರಾಶಾಕ್' ಎಂಬ ಬರಹದಲ್ಲಿ ಮಸಿ ಹರಡಿ ಅಕ್ಷರಗಳು ಒಂದರ ಮೇಲೊಂದು ಒರಗಿರುತ್ತವೆ. ಕೆಲವು ಗೆರೆಗಳು ಅಂಚು ಮುಟ್ಟುವ ಮೊದಲೇ ಸುಸ್ತಾಗಿರುತ್ತವೆ. ಡಯಲಿನ ರೇಡಿಯಂ ಕಂದಿ, ಮುಳ್ಳಿನದು ಮಾತ್ರ ಹಾಲಿನಂತೆ ಬೆಳ್ಳಗಿದ್ದರೆ ಎರಡೂ ಸಮಕಾಲೀನವಲ್ಲ. ಜನತಾದ ಮುಖ ಗಿಳಿಹಸಿರಾಗಿ ಫಳಫಳಿಸಿದರೆ ವಿದ್ವಾಂಸನು ಕೆಮ್ಮತಕ್ಕದ್ದು.

ಶಾಸನ ಎಲ್ಲಿಯದೆಂಬುದೂ ಚರ್ಚಾಸ್ಪದ. ಗಾಜಿನೊಳಗೆ ಕೆಂಪು ಧೂಳು ಕಂಡರೆ ಮಾಲೂರಿನ ಇಟ್ಟಿಗೆ ಗೂಡು. ಬೆವರಿಗೆ ಕ್ರೋಮ್ ಸವೆದು ಒಳಗಿನ ಹಿತ್ತಾಳೆ ಇಣುಕಿದರೆ ಶ್ರೀನಿವಾಸಪುರದ ಮಾವಿನ ಮಂಡಿ. ಕೀ ಕೊಡುವ ಗುಂಡಿಯ ಹಲ್ಲಿನಲ್ಲಿ ಜಿಡ್ಡು ಸಿಕ್ಕರೆ ಅದು ಮುಳಬಾಗಿಲು ದೋಸೆಯ ತುಪ್ಪವೆಂದು ಪ್ರಬಂಧಕಾರನ ಮತ. ಬರೀ ಕೊಳೆಯೆಂದು ರಿಪೇರಿಯವರ ಮತ.

ಹಿಂದಿನ ಮುಚ್ಚಳ ತೆಗೆಸದೆ ದುಡ್ಡು ಎಣಿಸಬಾರದು. ಜನತಾದೊಳಗೆ ಸಾಮಾನ್ಯವಾಗಿ ಇರುವುದು 0231 ಎಂಬ 17 ಕಲ್ಲಿನ ಮೆಷಿನ್, ಗಂಟೆಗೆ 18,000 ಬಡಿತ. ಸ್ಕ್ರೂ ತಲೆಗಳು ಕಚ್ಚಿಹೋಗಿದ್ದರೆ ಬಹಳ ಕೈ ಆಡಿದೆ. ಗುಂಡಿಯ ಕಡ್ಡಿಯ ಸುತ್ತ ತುಕ್ಕಿದ್ದರೆ ನೀರು ಕುಡಿದಿದೆ. ನಾಲ್ಕು ಸುತ್ತು ಕೀ ಕೊಟ್ಟೊಡನೆ ಬ್ಯಾಲೆನ್ಸ್ ಚಕ್ರ ಧಾರಾಳವಾಗಿ ತೂಗಬೇಕು, ವಾಚನ್ನು ಮಲಗಿಸಿದರೂ ನಿಲ್ಲಿಸಿದರೂ. ಅಲುಗಾಡಿಸಿದರಷ್ಟೇ ಓಡುವುದಾದರೆ ಅದು ಗಿಲಕಿ.

ಕೂಟಗಳಲ್ಲಿ ಪರಮ ಸೂಕ್ಷ್ಮವಾದದ್ದು ಹೀಗಿರುತ್ತದೆ: ಡಯಲ್ ಜನತಾದ್ದು, ಮುಳ್ಳು ಪೈಲಟ್‌ನದ್ದು, ಮೆಷಿನ್ ಮೂರನೆಯದರದ್ದು. "ಒರಿಜಿನಲ್ಲೇ ಸಾ, ಎಲ್ಲಾ ಎಚ್‌ಎಂಟಿ ಪಾರ್ಟೇ!" ಈ ಮಾತಿನಲ್ಲಿ ಸುಳ್ಳಿಲ್ಲವಾದ್ದರಿಂದ ಫ್ಲೀಟ್ ಮಹಾಶಯರೂ ಬಾಯಿ ಮುಚ್ಚಬೇಕಾಗುತ್ತಿತ್ತು. ಇಲ್ಲಿ ಜಗಳ ಬೇಡ, ಅರ್ಧ ರೇಟಿಗೆ ಕೇಳುವುದೇ ಶಾಸ್ತ್ರಸಮ್ಮತ.

ಕೊನೆಗೆ ಶಾಪಾಶಯ. ದಾನ ಕೊಟ್ಟ ಭೂಮಿಯನ್ನು ಕಸಿದವರು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾರೆಂದು ಹಳೆಯ ಶಾಸನಗಳು ಅವಧಿಯನ್ನಾದರೂ ನಮೂದಿಸುತ್ತವೆ. ಅಂಗಡಿ ಗೋಡೆಯ 'ಮಾರಿದ ಮಾಲು ವಾಪಸ್ ಇಲ್ಲ' ಎಂಬುದಕ್ಕೆ ಅವಧಿಯೇ ಇಲ್ಲ.