ಚಮಚಕ್ಕೆ ಬೇರೆ ಪಂಕ್ತಿ

ಚಮಚ ಒಂದು ಆಯುಧ. ಹೀಗೆಂದು ತೀರ್ಮಾನಿಸಿದವನು ನಾನಲ್ಲ. ಜಗತ್ತಿನ ಟ್ರೇಡ್‌ಮಾರ್ಕ್ ಕಚೇರಿಗಳು ಕಣ್ಣಿಗೊತ್ತಿಕೊಂಡು ಪಾಲಿಸುವ ನೈಸ್ ವರ್ಗೀಕರಣದ ತೀರ್ಮಾನ ಅದು. ಫ್ರಾನ್ಸಿನ ನೈಸ್ ಪಟ್ಟಣದಲ್ಲಿ 1957ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮಹನೀಯರು, ಮನುಷ್ಯ ಮಾರಬಹುದಾದ ಸಕಲವನ್ನೂ ನಂಬರು ಕೊಟ್ಟು ಕೂರಿಸಿದರು. ಈಗ ಒಟ್ಟು 45 ಕ್ಲಾಸುಗಳಿವೆ. ಮೊದಲ 34 ಸರಕಿಗೆ, ಉಳಿದ 11 ಸೇವೆಗೆ. ಅಡುಗೆಮನೆಯ ತಟ್ಟೆ, ಲೋಟ, ಪಾತ್ರೆ, ಡಬ್ಬಿಗಳದ್ದು 21ನೇ ಕ್ಲಾಸು. ಆದರೆ ಊಟದ ಚಮಚ, ಫೋರ್ಕು, ಚಾಕುಗಳಿಗೆ ಇಲ್ಲಿ ಜಾಗವಿಲ್ಲವೆಂದು ಅದರ ಶೀರ್ಷಿಕೆಯಲ್ಲೇ ಬರೆದಿದ್ದಾರೆ. ಅವು 8ನೇ ಕ್ಲಾಸಿಗೆ ಹೋಗಿ ಖಡ್ಗ, ಕಠಾರಿ, ಕ್ಷೌರದ ಕತ್ತಿಗಳ ಪಕ್ಕದಲ್ಲಿ ಕೂರಬೇಕು. ಪಂಕ್ತಿಭೇದ ನಮ್ಮದೇ ಆವಿಷ್ಕಾರವೆಂದು ಇಷ್ಟು ದಿನ ಬೀಗುತ್ತಿದ್ದೆವಲ್ಲ!

ಇನ್ನೂ ಸೂಕ್ಷ್ಮವಿದೆ. ಪಾಯಸ ಕಲಕುವ ದೊಡ್ಡ ಚಮಚ 21. ಅದನ್ನು ಬಡಿಸುವ ಸೌಟೂ 21. ತಟ್ಟೆಗೆ ಬಿದ್ದ ಪಾಯಸವನ್ನು ಬಾಯಿಗೆ ಸಾಗಿಸುವ ಚಮಚ ಮಾತ್ರ 8. ಮಾಡುವವರು, ಬಡಿಸುವವರು ಸಾಧುಗಳು, ತಿನ್ನುವವನು ಶಸ್ತ್ರಧಾರಿ. ಲಟ್ಟಣಿಗೆಯನ್ನು 21ರಲ್ಲಿಟ್ಟು ಅದಕ್ಕೆ ಅಹಿಂಸೆಯ ಸರ್ಟಿಫಿಕೇಟ್ ಕೊಟ್ಟಿರುವುದನ್ನು ನಮ್ಮ ವಾರಪತ್ರಿಕೆಗಳ ವ್ಯಂಗ್ಯಚಿತ್ರಕಾರರು ಒಪ್ಪಲಾರರು. ಬಟ್ಟೆಗೆ ಹಾಕುವ ಇಸ್ತ್ರಿ ಪೆಟ್ಟಿಗೆಯಂತೂ 8ರಲ್ಲಿ, ಕತ್ತಿಗಳ ನಡುವೆ, ಯಾರ ಮೇಲೋ ಕೋಪ ಮಾಡಿಕೊಂಡ ಹಾಗೆ ಬಿಸಿಯಾಗಿ ಕೂತಿದೆ.

21ರೊಳಗೆ ಪ್ರವೇಶ ಸಿಕ್ಕವರ ಪಟ್ಟಿ ನೋಡಿದರೆ ಮಡಿವಂತ ಅಜ್ಜಿಯರು ಸ್ನಾನಕ್ಕೇ ಓಡಬೇಕು. ಇಡ್ಲಿ ಪಾತ್ರೆ ಇರುವ ಕ್ಲಾಸಿನಲ್ಲೇ ಇಲಿಬೋನು, ನೊಣ ಹೊಡೆಯುವ ಬ್ಯಾಟು, ಪೊರಕೆ, ಕಸದ ಬುಟ್ಟಿ, ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಕುದುರೆಯ ಮೈ ಉಜ್ಜುವ ಬ್ರಷ್ಷು, ಕಕ್ಕಸು ತೊಳೆಯುವ ಬ್ರಷ್ಷು ಎಲ್ಲವೂ ಇವೆ. ರಾತ್ರಿ ಹೊತ್ತು ಮಂಚದ ಕೆಳಗಿಡುವ ಮೂತ್ರದ ಪಾತ್ರೆಯೂ ಇದೆ. ಚಮಚವನ್ನು ಹೊರಗೆ ಹಾಕಿ ಇದನ್ನು ಒಳಗೆ ಕರೆದವರ ಮನೆಯಲ್ಲಿ ಊಟ ಹೇಗಿರುತ್ತಿತ್ತೋ!

ಇಷ್ಟು ಸಾಲದೆಂದು ಕರೆಂಟು ಬರುತ್ತದೆ. ಕರೆಂಟು ಸೋಕಿದ ಕೂಡಲೇ ಜಾತಿ ಕೆಡುತ್ತದೆ. ಕೈಯಲ್ಲಿ ರುಬ್ಬುವ ಒರಳು 21. ಅದಕ್ಕೆ ಮೋಟಾರು ಕಟ್ಟಿ ಗ್ರೈಂಡರ್ ಎಂದು ಕರೆದರೆ 7. ಒಲೆಯ ಮೇಲೆ ಸೀಟಿ ಹೊಡೆಯುವ ಕುಕ್ಕರು 21. ಪ್ಲಗ್ಗಿಗೆ ಚುಚ್ಚಿದರೆ 11. ಪೊರಕೆ 21, ವ್ಯಾಕ್ಯೂಮ್ ಕ್ಲೀನರು 7. ಇದೇ ನಿಯಮವೆಂದು ನೀವು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಬ್ಯಾಟರಿ ಹಾಕಿದ ಹಲ್ಲುಜ್ಜುವ ಬ್ರಷ್ಷು 21ರಲ್ಲೇ ಉಳಿದಿದೆ, ಇಸ್ತ್ರಿ ಪೆಟ್ಟಿಗೆ ಕೆಂಡದ್ದಾದರೂ ಕರೆಂಟಿನದ್ದಾದರೂ 8 ಬಿಟ್ಟು ಕದಲುವುದಿಲ್ಲ. ಕೆಲವರಿಗೆ ಎಲ್ಲ ಕಾಲದಲ್ಲೂ ವಿನಾಯಿತಿ ಇರುತ್ತದೆ.

ಬೆಳಗಿನ ಒಂದು ಲೋಟ ಕಾಫಿಯನ್ನೇ ತೆಗೆದುಕೊಳ್ಳಿ. ಚಿಕ್ಕಮಗಳೂರಿನ ಪುಡಿ 30ನೇ ಕ್ಲಾಸು, ಅದಕ್ಕೆ ಬೆರೆಸುವ ಚಿಕೋರಿಯೂ 30. ಬೀಜವನ್ನು ಕೈಯಲ್ಲಿ ತಿರುವಿ ಪುಡಿ ಮಾಡಿದರೆ ಆ ಯಂತ್ರ 21, ಗುಂಡಿ ಒತ್ತಿ ಮಾಡಿದರೆ 7. ನಮ್ಮ ಮನೆಗಳ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರು 21, ಕರೆಂಟಿನ ಕಾಫಿ ಮೇಕರು 11. ಹಾಲು 29, ಸಕ್ಕರೆ ಮತ್ತೆ 30. ಹಾಲು ಕಾಯಿಸುವ ಸ್ಟವ್ 11, ಒಳಗಿನ ಗ್ಯಾಸು 4, ಅದನ್ನು ತುಂಬಿದ ಸಿಲಿಂಡರು 6, ಹಚ್ಚುವ ಗ್ಯಾಸ್ ಲೈಟರು 11, ಬೆಂಕಿಕಡ್ಡಿಯಾದರೆ 34. ಲೋಟ ದಬರಿ 21. ಇಷ್ಟೂ ತಾಪತ್ರಯ ಬೇಡವೆಂದು ದರ್ಶಿನಿಗೆ ಹೋಗಿ ನಿಂತರೆ ಅದು ಸೇವೆ, 43. ಒಂದು ಗುಟುಕು ಒಳಗೆ ಹೋಗುವ ಹೊತ್ತಿಗೆ ಒಂಬತ್ತು ಕ್ಲಾಸು ಪಾಸಾಗಿರುತ್ತೀರಿ. ಹೈಸ್ಕೂಲು ಮೆಟ್ಟಿಲು ಹತ್ತಿದ ಹಾಗಾಯಿತು.

ದೇವರ ಮನೆಗೂ ಬಿಡುಗಡೆಯಿಲ್ಲ. ಊದುಬತ್ತಿ 3, ದೀಪದ ಬತ್ತಿ 4, ದೀಪ 11, ಗಂಟೆ 6, ತೆಂಗಿನಕಾಯಿ ಮತ್ತು ಹೂವು 31. ಇಲ್ಲಿ ಭಕ್ತಿ ಉಕ್ಕಿ ಪುಣ್ಯಗ್ರಂಥದ ಹೆಸರನ್ನೇ ಸ್ವಂತ ಮಾಡಿಕೊಳ್ಳಲು ಹೊರಟವರಿಗೆ ಸುಪ್ರೀಂ ಕೋರ್ಟು 2015ರಲ್ಲಿ ಬುದ್ಧಿ ಹೇಳಿದೆ: ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ಒಬ್ಬನೇ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ.

ಹಾಗಾದರೆ ಈಳಿಗೆಮಣೆ? ಜಿನೀವಾದಲ್ಲಿ ಕೂತು ಈ ಪಟ್ಟಿಯನ್ನು ಕಾಯುವವರು ಈಳಿಗೆಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚಿದವರಲ್ಲ. ಮಣೆ ನೋಡಿದರೆ ಪೀಠೋಪಕರಣ, 20. ಅಲಗು ನೋಡಿದರೆ 8. ಪಟ್ಟಿಯ ಸಾಮಾನ್ಯ ಸೂಚನೆ ಹೇಳುವುದು ಇಷ್ಟು: ಸಿದ್ಧ ವಸ್ತುವನ್ನು ಅದರ ಕೆಲಸ ನೋಡಿ ಕೂರಿಸಿ, ಹಲವು ಕೆಲಸ ಮಾಡುವುದಾದರೆ ಹಲವು ಕಡೆ ಕೂರಿಸಬಹುದು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 7ನೇ ಸೆಕ್ಷನ್ ಜಗಳವನ್ನೇ ಮುಗಿಸಿಬಿಟ್ಟಿದೆ. ಯಾವ ಸಾಮಾನು ಯಾವ ಕ್ಲಾಸಿಗೆ ಎಂಬ ಪ್ರಶ್ನೆ ಎದ್ದರೆ ರಿಜಿಸ್ಟ್ರಾರ್ ಹೇಳಿದ್ದೇ ಕೊನೆಯ ಮಾತು. ಅಂದಹಾಗೆ ಭಾರತ ನೈಸ್ ಒಪ್ಪಂದಕ್ಕೆ ಸೇರಿದ್ದು 2019ರಲ್ಲಿ; ಅದಕ್ಕೂ ಮುಂಚೆಯೇ ನಮ್ಮ ಕಚೇರಿಗಳು ಇದೇ ಲೆಕ್ಕ ಹಿಡಿದು ನಡೆಯುತ್ತಿದ್ದವು. ಸದಸ್ಯರಾಗುವ ಮುಂಚೆ ವಿಧೇಯರಾಗುವುದು ನಮ್ಮ ಹಳೆಯ ಅಭ್ಯಾಸ.

ಈಗ ಪೀಣ್ಯದ ಒಂದು ಶೆಡ್ಡಿನಲ್ಲಿ ಸ್ಟೀಲ್ ಇಡ್ಲಿ ತಟ್ಟೆ ಒತ್ತುವ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಆನ್‌ಲೈನಿನಲ್ಲಿ ಮಾರಲು ಬ್ರ್ಯಾಂಡ್ ಬೇಕು, ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್ ಬೇಕು ಎಂದು ಯಾರೋ ಹೇಳಿದ್ದಾರೆ. ಟೈ ಕಟ್ಟಿದ ಏಜೆಂಟ್ ಬಂದು ಕೂರುತ್ತಾನೆ.

“ಸಾರ್, 21 ಒಂದೇ ಸಾಕಾಗಲ್ಲ. ನಾಳೆ ನೀವು ಮಿಕ್ಸಿ ಮಾಡಿದ್ರೆ? 7 ಹಾಕೋಣ. ಸ್ಟವ್ ಮಾಡಿದ್ರೆ? 11. ಶೋರೂಮ್ ಇಟ್ರೆ? 35. ಹೋಟೆಲ್ ತೆಗೆದ್ರೆ? 43.”

“ನಾನು ಇಡ್ಲಿ ತಟ್ಟೆ ಮಾಡೋನಪ್ಪ.”

“ಅದೇ ಸಾರ್ ನಾನೂ ಹೇಳೋದು. ಇಡ್ಲಿ ತಟ್ಟೆ ಅಂದ್ಮೇಲೆ ಹೋಟೆಲ್ ಎಷ್ಟು ದೂರ?”

ಈ ದೂರದೃಷ್ಟಿಗೊಂದು ದರವಿದೆ. 2017ರ ನಿಯಮಗಳ ಪ್ರಕಾರ ಅರ್ಜಿದಾರ ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ದಿಮೆಯಾದರೆ ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಅರ್ಜಿ ಒಂದೇ ಆದರೂ ಶುಲ್ಕ ಕ್ಲಾಸಿಗಿಷ್ಟು ಎಂದೇ. ಹೀಗೆ ಇಡ್ಲಿ ತಟ್ಟೆಯ ಮನುಷ್ಯ ಐದು ಕ್ಲಾಸಿಗೆ 22,500 ಕಟ್ಟುತ್ತಾನೆ. ಏಜೆಂಟರ ಫೀಸು ಬೇರೆ. ಭಯ ಇನ್ನೂ ಸ್ವಲ್ಪ ಜಾಸ್ತಿಯಿದ್ದರೆ 45 ಕ್ಲಾಸನ್ನೂ 2,02,500 ರೂಪಾಯಿಗೆ ಕೊಳ್ಳಬಹುದು. ಆಗ ಅವನ ಇಡ್ಲಿ ತಟ್ಟೆಯ ಹೆಸರಿನಲ್ಲಿ ಬೇರೆ ಯಾರೂ ಪಿಸ್ತೂಲು ಮಾರುವಂತಿಲ್ಲ, ಪಿಟೀಲು ಮಾರುವಂತಿಲ್ಲ, ಶವಸಂಸ್ಕಾರದ ಸೇವೆಯನ್ನೂ ನಡೆಸುವಂತಿಲ್ಲ. ಏಜೆಂಟ್ ಬಾಯಿಬಿಡದ ಒಂದು ಸಂಗತಿ ಕಾಯ್ದೆಯ 47ನೇ ಸೆಕ್ಷನ್ನಿನಲ್ಲಿದೆ: ನೋಂದಾಯಿಸಿಕೊಂಡ ಹೆಸರನ್ನು ಆ ಸರಕಿಗೆ ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟರೆ, ಅದರಿಂದ ತೊಂದರೆಗೊಳಗಾದವರು ಅದನ್ನು ಪಟ್ಟಿಯಿಂದ ಕಿತ್ತುಹಾಕಿಸಬಹುದು. ಮಿಕ್ಸಿ ಮಾಡದವನ ಮಿಕ್ಸಿ ಹೆಸರು ಹಾಗೆಯೇ ಹೋಗುತ್ತದೆ.

ಇಷ್ಟಕ್ಕೂ ಈ ನಂಬರುಗಳಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ? ಅದನ್ನು ತಿಳಿಯಲು ಬೆಂಗಳೂರು ಬಿಟ್ಟು ಹೋಗಬೇಕಿಲ್ಲ. ಕೆಎಂಎಫ್ ‘ನಂದಿನಿ’ ಹಾಲನ್ನು 1985ರಿಂದ ಮಾರುತ್ತಿತ್ತು. 1989ರಲ್ಲಿ ಶುರುವಾದ ನಂದಿನಿ ಡೀಲಕ್ಸ್ ಹೋಟೆಲಿನವರು, ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚಾಗಿ ಸೇರಿಸಿದ ಅದೇ ಹೆಸರನ್ನು 29 ಮತ್ತು 30ನೇ ಕ್ಲಾಸಿನ ತಿನಿಸುಗಳಿಗೆ ಕೇಳಿದರು. ಕೆಎಂಎಫ್ ಹಾಲೂ ಅದೇ ಕ್ಲಾಸಿನಲ್ಲಿತ್ತು. ಹೈಕೋರ್ಟಿನಲ್ಲಿ ಕೆಎಂಎಫ್ ಗೆದ್ದಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಹಾಕಿತು. ಕ್ಲಾಸಿನ ನಂಬರು ಒಂದೇ ಎಂದ ಮಾತ್ರಕ್ಕೆ ಸರಕು ಒಂದೇ ಆಗುವುದಿಲ್ಲ. ಹಾಲು ಮಾರುವವರು ಇಡೀ ಕ್ಲಾಸಿಗೆ ಬೇಲಿ ಹಾಕಿಕೊಳ್ಳಲಾಗದು. ಒಬ್ಬರ ಗುರುತಿನಲ್ಲಿ ಹಸುವಿದೆ, ಇನ್ನೊಬ್ಬರದರಲ್ಲಿ ದೀಪವಿದೆ. ಗಿರಾಕಿ ಅಷ್ಟು ದಡ್ಡನಲ್ಲ. ಹೋಟೆಲಿನವರು ಹಾಲು ಮತ್ತು ಹಾಲಿನ ಉತ್ಪನ್ನ ಬಿಟ್ಟು ಮಿಕ್ಕದ್ದಕ್ಕೆ ಹೆಸರು ಇಟ್ಟುಕೊಳ್ಳಬಹುದೆಂದಾಯಿತು.

ಇದರ ತಿರುವುಮುರುವೂ ನಿಜ. ಕುಕ್ಕರು 21, ಗ್ಯಾಸ್ ಸ್ಟವ್ 11. ನಂಬರು ಬೇರೆಯಾದರೂ ಮಾರುವ ಅಂಗಡಿ ಒಂದೇ, ಕೊಳ್ಳುವ ಗೃಹಿಣಿ ಒಬ್ಬರೇ. ಅಂಥಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಿಕೊಂಡು ‘ನನ್ನ ಕ್ಲಾಸೇ ಬೇರೆ ಸ್ವಾಮಿ’ ಎಂದರೆ ಕೋರ್ಟು ಕೇಳಬೇಕೆಂದಿಲ್ಲ. ಇತ್ತ ನಮ್ಮ ಬೆಂಗಳೂರಿನಲ್ಲಿ ಕುಕ್ಕರಿಗೂ ಪ್ರೆಸ್ಟೀಜ್ ಎಂಬ ಹೆಸರಿದೆ, ಅಪಾರ್ಟ್‌ಮೆಂಟಿಗೂ ಪ್ರೆಸ್ಟೀಜ್ ಎಂಬ ಹೆಸರಿದೆ. ಮನೆ ಕೊಳ್ಳಲು ಹೋದವರು ಯಾರೂ ಸೀಟಿ ಎಷ್ಟು ಕೂಗಬೇಕೆಂದು ಕೇಳಿದ್ದಿಲ್ಲ.

ಅಂದರೆ ಈ 45 ನಂಬರುಗಳು ಗುಮಾಸ್ತರ ಕಪಾಟಿಗೆ, ಶುಲ್ಕದ ಲೆಕ್ಕಕ್ಕೆ. ನಿಮ್ಮ ಪಾತ್ರೆಯನ್ನು ಕಾಯುವುದು ನೀವು ಆರಿಸಿದ ಹೆಸರು, ಅರ್ಜಿಯಲ್ಲಿ ಸಾಮಾನಿನ ಬಗ್ಗೆ ಬರೆದ ಎರಡು ಸಾಲು, ಮತ್ತು ನೀವು ಆ ಹೆಸರಿನಲ್ಲಿ ನಿಜವಾಗಿ ಮಾರುತ್ತಿದ್ದೀರಿ ಎನ್ನುವ ಬಿಲ್ಲು. ‘ಶುದ್ಧ ಸ್ಟೀಲ್’ ಎಂದು ಹೆಸರಿಟ್ಟುಕೊಂಡು ಹೋದರೆ 21ರಲ್ಲಿ ಹಾಕಿದರೂ ಉಳಿಯದು, 9ನೇ ಸೆಕ್ಷನ್ ಅಡ್ಡ ಬರುತ್ತದೆ. ಸರಕಿನ ಗುಣವನ್ನೇ ಹೇಳುವ ಮಾತು ಯಾರೊಬ್ಬರ ಸ್ವತ್ತೂ ಅಲ್ಲ.

ಮನೆಸಾಮಾನು ಮಾಡುವವರೇ, ಏಜೆಂಟರಿಗೆ ಫೋನು ಮಾಡುವ ಮುಂಚೆ ಶೆಡ್ಡಿನಲ್ಲಿ ಈಗ ತಯಾರಾಗುತ್ತಿರುವುದೇನು, ಮುಂದಿನ ವರ್ಷ ಖಂಡಿತ ಮಾಡುವುದೇನು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಆ ಕ್ಲಾಸು ಹಾಕಿ ನಿಮ್ಮ ಹೆಸರು ಬೇರೆಯವರ ಬಳಿ ಇದೆಯೇ ಎಂದು ನೀವೇ ಹುಡುಕಿ; ಅದಕ್ಕೆ ಕಾಸು ಕೊಡಬೇಕಿಲ್ಲ. ಆಮೇಲೆ ಅರ್ಜಿ ಹಾಕಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಟ್ರೇಡ್‌ಮಾರ್ಕ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರಾದರೂ ಆಕ್ಷೇಪಿಸಲು ನಾಲ್ಕು ತಿಂಗಳು, ನೋಂದಣಿಯಾದರೆ ಹತ್ತು ವರ್ಷ. ಅರ್ಜಿಯಲ್ಲಿ ಬಿಟ್ಟುಹೋದ ಸಾಮಾನನ್ನು ಆಮೇಲೆ ಅದೇ ಅರ್ಜಿಗೆ ಸೇರಿಸಲು ಬರುವುದಿಲ್ಲ. ಹೊಸ ಅರ್ಜಿ ಹಾಕಬೇಕು, ಹೊಸ ಶುಲ್ಕ ಕಟ್ಟಬೇಕು, ತಾರೀಖೂ ಹೊಸದಾಗುತ್ತದೆ.