ದಾಸರು, ವಿದ್ಯಾಭೂಷಣರು ಮತ್ತು ಸೊರಗಿದ ಬ್ಯಾಟರಿ

ಜೋಡಿ ಅಂದಮೇಲೆ ಇಬ್ಬರೂ ಒಮ್ಮೆಯಾದರೂ ಎದುರುಬದುರು ಕೂತಿರಬೇಕು, ಅಲ್ವಾ? ನಮ್ಮ ಮರ್ಕಂಜದವರಿಗೆ ತೀರಾ ಪರಿಚಿತವಾದ ಸಂಗೀತದ ಜೋಡಿಗೆ ಆ ಯೋಗವೇ ಇಲ್ಲ. ಒಬ್ಬರು 1564ರಲ್ಲಿ ಹಂಪಿಯಲ್ಲಿ ಕಣ್ಮುಚ್ಚಿದವರು, ಇನ್ನೊಬ್ಬರು ಕ್ಯಾಸೆಟ್ಟಿನ ಕಾಲದವರು. ಪುರಂದರದಾಸರು ಕಟ್ಟಿದರು, ವಿದ್ಯಾಭೂಷಣರು ಹಾಡಿದರು.

ಎಲಿಮಲೆ, ಗುತ್ತಿಗಾರು ದಾಟಿದರೆ ಸುಬ್ರಹ್ಮಣ್ಯ. ಅಲ್ಲಿನ ಮಠದ ಸ್ವಾಮಿಗಳಾಗಿದ್ದ ವಿದ್ಯಾಭೂಷಣರೇ ಕ್ಯಾಸೆಟ್ಟಿನಲ್ಲಿ ಹಾಡುತ್ತಾರೆಂದರೆ ನಮಗೆ ನೆಂಟರ ಹೆಸರು ಪೇಪರಿನಲ್ಲಿ ಬಂದಷ್ಟು ಹೆಮ್ಮೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಕರೆಂಟು ಎಲ್ಲಿಂದ ಬರಬೇಕು ಮಾರಾಯರೇ? ಮಾವನ ಟೇಪ್‌ರೆಕಾರ್ಡರು ನಡೆಯುತ್ತಿದ್ದದ್ದು ಬ್ಯಾಟರಿಯಲ್ಲಿ. ಅದು ಸೊರಗಿದ ಹಾಗೆ ಹಾಡು ನಿಧಾನ, ಶ್ರುತಿ ಪಾತಾಳಕ್ಕೆ. ಮಾವ ಶ್ರದ್ಧೆಯಿಂದ ಕಲಿತದ್ದು ಆ ಮಟ್ಟನ್ನೇ. ಈಗಲೂ ಭಜನೆಯಲ್ಲಿ ಅವರ ಪಲ್ಲವಿ ಮುಗಿಯುವುದರೊಳಗೆ ತಾಳದವರು ಒಂದು ವೀಳ್ಯ ಮುಗಿಸಿರುತ್ತಾರೆ. ಮುಂದೊಂದು ದಿನ ಅದೇ ಹಾಡನ್ನು ಸರಿಯಾದ ವೇಗದಲ್ಲಿ ಕೇಳಿಸಿದಾಗ, 'ಸ್ವರ ಒಳ್ಳೆದುಂಟು, ಸ್ವಲ್ಪ ಓಡಿಸಿದ್ದಾರೆ' ಎಂದುಬಿಟ್ಟರು.

ನಗಬಹುದು. ಆದರೆ ದಾಸರ ಸ್ವಂತ ಮಟ್ಟು ಯಾವುದೆಂದು ಹೇಳುವವರು ಯಾರು? ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ಕಲಿಸುವ ಕ್ರಮ ಅವರದ್ದೆನ್ನುತ್ತಾರೆ. ಮಲಹರಿಯ ಗೀತೆಗಳು ಮಕ್ಕಳ ಬಾಯಲ್ಲಿ ಉಳಿದಿವೆ. ಪದಗಳ ಸಾಹಿತ್ಯವೂ ಓಲೆಗರಿಯಲ್ಲೋ ಅಜ್ಜಿಯರ ಗಂಟಲಲ್ಲೋ ನಮ್ಮವರೆಗೆ ಬಂತು. ಮಟ್ಟುಗಳು ಮಾತ್ರ ಬಹುಪಾಲು ದಾರಿಯಲ್ಲೇ ಉದುರಿದವು. ಹಾಗಾಗಿಯೇ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕರ್ನಾಟಕ ಸಂಗೀತದವರಲ್ಲಿ ಹೆಚ್ಚಾಗಿ ಮಧ್ಯಮಾವತಿಯಲ್ಲಿ ಬಂದರೆ, ಭೀಮಸೇನ ಜೋಶಿಯವರಲ್ಲಿ ಹಿಂದೂಸ್ತಾನಿಯ ಬೇರೆಯೇ ಬಾಗಿಲಿನಿಂದ ಬಂದಳು. ದಾಸರ ಪದ ಹಾಡುವವರು ಬರೀ ಗಾಯಕರಲ್ಲ, ಅರ್ಧ ವಾಗ್ಗೇಯಕಾರರೇ. ಆ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿದ್ಯಾಭೂಷಣರಾದರೋ ಆರ್.ಕೆ. ಶ್ರೀಕಂಠನ್, ಟಿ.ವಿ. ಗೋಪಾಲಕೃಷ್ಣನ್ ಅವರಂಥ ಘಟಾನುಘಟಿಗಳ ಬಳಿ ಕಲಿತವರು. ಆದರೂ ಕಲಿತದ್ದನ್ನೆಲ್ಲ ಒಂದೇ ಪದದ ಮೇಲೆ ಹೇರಲಿಲ್ಲ. ಕೊಟ್ಟಿಗೆಯ ಪಕ್ಕ ಅಡಿಕೆ ಸುಲಿಯುತ್ತಿದ್ದವರಿಗೂ ಅಕ್ಷರ ಅಕ್ಷರ ಕೇಳುತ್ತಿತ್ತು. ಬ್ಯಾಟರಿ ಗಟ್ಟಿ ಇದ್ದರೆ.

ಇನ್ನೊಂದು ತಮಾಷೆ. ವ್ಯಾಸರಾಯರ ಶಿಷ್ಯರಾದ ದಾಸರು ನವಕೋಟಿಯ ವ್ಯಾಪಾರ ಬಿಟ್ಟು, ಹೆಂಡತಿ ಮಕ್ಕಳೊಡನೆ ತಂಬೂರಿ ಹಿಡಿದು ಬೀದಿಗೆ ಬಂದರಂತೆ. ವಿದ್ಯಾಭೂಷಣರು 1997ರಲ್ಲಿ ಮಠದ ಪೀಠ ಬಿಟ್ಟು ಗೃಹಸ್ಥರಾದರು. ಒಬ್ಬರು ಅಂಗಡಿಯಿಂದ, ಒಬ್ಬರು ಸನ್ಯಾಸದಿಂದ. ತಲುಪಿದ್ದು ಮಾತ್ರ ಸಂಸಾರವೂ ತಂಬೂರಿಯೂ ಒಟ್ಟಿಗಿರುವ ಒಂದೇ ಜಗಲಿಗೆ.

ಅವರು ಪೀಠ ಬಿಟ್ಟಾಗ ನಮ್ಮಲ್ಲಿ ಚರ್ಚೆ ಜೋರಾಗಿಯೇ ನಡೆಯಿತು, ಅರೆಭಾಷೆಯಲ್ಲಿ, ತುಳುವಿನಲ್ಲಿ, ತೀರಾ ಸಿಟ್ಟು ಬಂದಾಗ ಗ್ರಾಂಥಿಕ ಕನ್ನಡದಲ್ಲಿ. ಚರ್ಚಿಸಿದವರೇ ಸಂಜೆ ಮನೆಗೆ ಹೋಗಿ ಅದೇ ಕ್ಯಾಸೆಟ್ಟು ಹಾಕಿದರು. ಅತ್ತೆಯದು ಚುಟುಕು ತೀರ್ಪು: 'ಪೀಠ ಬಿಟ್ಟರೆ ಬಿಡಲಿ, ಪುರಂದರದಾಸರನ್ನು ಬಿಟ್ಟಿಲ್ಲವಲ್ಲ!' ಅಷ್ಟು ಹೇಳಿ ಕ್ಯಾಸೆಟ್ಟು ತಿರುವಿ ಹಾಕಿದರು. ಆ ಬದಿಯಲ್ಲಿ ಇದ್ದದ್ದು ಕನಕದಾಸರು.